ಸೂಜಿಯಕ್ಕನ ಗೊದ್ದದ ಸಂಸಾರ

ಆ ಬೀದಿಯಲ್ಲಿ ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಗೊತ್ತಿದ್ದವರು ಕಡಿಮೆ. ಎಲ್ಲರಿಗೂ ಅವಳು ಸೂಜಿಯಕ್ಕ. ಇಸ್ತ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಲ್ಯಾಬ್ ಒಂದಿತ್ತು. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಬಂದವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಬೆರಳಲ್ಲಿ ನರ ತಡವಿ, ರಕ್ತ ತೆಗೆಯುವುದು ಅವಳ ಕೆಲಸ. ಕೈ ಹೂವಿನಷ್ಟು ಹಗುರ. ಚುಚ್ಚಿದ್ದು ಗೊತ್ತಾಗುವುದರೊಳಗೆ ಹತ್ತಿ ಒತ್ತಿ "ಮಡಚಿ ಹಿಡ್ಕೊಳ್ಳಿ" ಅಂದುಬಿಡುತ್ತಿದ್ದಳು. ಆದರೂ ಏನು ಪ್ರಯೋಜನ? ತರಕಾರಿ ಅಂಗಡಿಯಲ್ಲಿ ಎದುರಾದರೆ ಜನ ನಗುವ ಮೊದಲು ಅವಳ ಕೈಯಲ್ಲಿ ಏನಿದೆ ಅಂತ ನೋಡುತ್ತಿದ್ದರು. ಕೆಲವರು ಮಾತಾಡುತ್ತಾ ಮಾತಾಡುತ್ತಾ ಮಡಚಿದ ಅಂಗಿಯ ತೋಳನ್ನು ಕೆಳಗೆ ಬಿಟ್ಟುಕೊಳ್ಳುತ್ತಿದ್ದರು. ಊಟ ಮಾಡದ ಮಕ್ಕಳನ್ನು ಹೆದರಿಸಲು ಬೀದಿಯ ತಾಯಂದಿರಿಗೆ ಬೇರೆ ಗುಮ್ಮ ಬೇಕಿರಲಿಲ್ಲ, "ಸೂಜಿಯಕ್ಕನ್ನ ಕರೀಲಾ?" ಅಂದರೆ ತಟ್ಟೆ ಖಾಲಿ.

ಅವಳಿಗೆ ಬೇಜಾರಿಲ್ಲ ಅಂತಲ್ಲ. ಆದರೆ ಬೇಜಾರನ್ನು ಮುಚ್ಚಿಡಲು ಅವಳ ಹತ್ತಿರ ಒಂದು ಹೆಮ್ಮೆ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಟ್ಯೂಬು ಇನ್ನೊಬ್ಬರದಕ್ಕೆ ಅದಲುಬದಲಾಗಿರಲಿಲ್ಲ. ಹೆಸರು, ವಯಸ್ಸು, ಗಂಡೋ ಹೆಣ್ಣೋ, ಗಂಟೆ ಎಷ್ಟು, ಎಲ್ಲವನ್ನೂ ಚೀಟಿಯಲ್ಲಿ ದುಂಡಗೆ ಬರೆದು ಅಂಟಿಸಿದ ಮೇಲೆಯೇ ಅವಳು ಉಸಿರು ಬಿಡುತ್ತಿದ್ದದ್ದು.

ಇಂಥವಳಿಗೆ ಗೊದ್ದ ಇರುವೆ ಸಾಕುವ ಹುಚ್ಚು ಹಿಡಿಸಿದ್ದು ಸಕ್ಕರೆ ಮೇಷ್ಟ್ರು. ಅವರು ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಹಾವಿನ ಬಾಯಿ ಬಿಡಿಸಿ ಹಲ್ಲು ತೋರಿಸಿದ್ದ ಆಸಾಮಿಗೆ ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ಅದಕ್ಕೇ ವಾರಕ್ಕೊಮ್ಮೆ, ಲ್ಯಾಬಿನಲ್ಲಿ ಯಾರೂ ಇಲ್ಲದ ಸಂಜೆ ಹೊತ್ತಿಗೆ ಸಕ್ಕರೆ ನೋಡಿಸಲು ಬಂದು, ಕಣ್ಣು ಗಟ್ಟಿ ಮುಚ್ಚಿಕೊಂಡು, ಬಾಯಿಗೆ ಬಂದ ಜೀವಿಯ ಬಗ್ಗೆ ಪಾಠ ಶುರು ಮಾಡುತ್ತಿದ್ದರು. ಒಂದು ವಾರ ಬಾವಲಿ, ಒಂದು ವಾರ ಏಡಿ. ಆ ಸಂಜೆ ಮಳೆ ಬಂದು ನಿಂತಿತ್ತು. ಕಿಟಕಿಯಿಂದ ರೆಕ್ಕೆ ಇರುವೆಗಳು ನುಗ್ಗಿ ಟ್ಯೂಬ್‌ಲೈಟಿಗೆ ಮುತ್ತಿದ್ದವು. ಅದರಲ್ಲಿ ಒಂದು ದೊಡ್ಡ ಕರಿ ಗೊದ್ದ ಮೇಜಿನ ಮೇಲೆ ಬಿತ್ತು. ಕಾಲಲ್ಲಿ ಒದ್ದೊದ್ದು ತನ್ನ ರೆಕ್ಕೆಗಳನ್ನು ತಾನೇ ಕಿತ್ತು ಹಾಕಿತು. ಆಮೇಲೆ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬರುವ ನೆಂಟರ ಹಾಗೆ, ಅಡ್ಡ ಬಿದ್ದಿದ್ದ ಖಾಲಿ ಟ್ಯೂಬಿನೊಳಗೆ ನಡೆದುಹೋಯಿತು.

"ಅಯ್ಯೋ, ನನ್ನ ಟ್ಯೂಬು!" ಅಂತ ಸೂಜಿಯಕ್ಕ ಕೊಡವಲು ಎತ್ತಿಕೊಂಡಳು.

ಮೇಷ್ಟ್ರು ಒಂದು ಕಣ್ಣು ತೆರೆದರು. "ತಡೀಮ್ಮ, ತಡೀ! ಅದು ರಾಣಿ. ರೆಕ್ಕೆ ಕಿತ್ಕೊಂಡಳು ಅಂದ್ರೆ ಮದುವೆ ಮುಗೀತು ಅಂತ. ಇನ್ನು ಮನೆ ಹುಡುಕ್ತಾಳೆ, ಮೊಟ್ಟೆ ಇಡ್ತಾಳೆ, ಊರು ಕಟ್ತಾಳೆ. ಅದೂ ಒಬ್ಬಳೇ."

"ಗಂಡ?"

"ಗಂಡ ಸತ್ತ. ಇವತ್ತೇ. ಅವರಲ್ಲಿ ಹಾಗೇ."

ಮೇಷ್ಟ್ರು ಸೂಜಿ ಮರೆತು ಎರಡೂ ಕಣ್ಣು ತೆರೆದಿದ್ದರು. ಸೂಜಿಯಕ್ಕ ಅದೇ ಸಂದಿನಲ್ಲಿ ರಕ್ತ ತೆಗೆದುಕೊಂಡಳು. ಹೋಗುವಾಗ ಅವರು ಹೇಳಿದ ವಿಧಾನ ಸುಲಭವಾಗಿತ್ತು. ಟ್ಯೂಬಿನ ತಳದಲ್ಲಿ ಸ್ವಲ್ಪ ನೀರು, ನೀರಿಗೆ ಅಡ್ಡ ಹತ್ತಿಯ ಬಿರಡೆ, ನಡುವೆ ರಾಣಿ, ಬಾಯಿಗೆ ಇನ್ನೊಂದು ಹತ್ತಿ. ಹೊರಗೆ ಕೆಂಪು ಕಾಗದ ಸುತ್ತಿ ಕತ್ತಲಲ್ಲಿ ಇಡಬೇಕು. ಊಟ ಕೊಡಬಾರದು, ಮೊದಲ ಮಕ್ಕಳು ಹುಟ್ಟುವ ತನಕ ತನ್ನ ರೆಕ್ಕೆಯ ಸ್ನಾಯು ಕರಗಿಸಿಕೊಂಡೇ ಬದುಕುತ್ತಾಳೆ. "ಎಲ್ಲಕ್ಕಿಂತ ಮುಖ್ಯ," ಅಂದರು ಮೇಷ್ಟ್ರು ಮೆಟ್ಟಿಲಿಂದಲೇ, "ಹೋಗಿ ಹೋಗಿ ನೋಡ್ಬೇಡಿ. ಹೊಸಬರು ಇರುವೆ ಕೊಲ್ಲೋದು ಕಾಲಿಂದ ಅಲ್ಲ, ಕಣ್ಣಿಂದ."

ಟ್ಯೂಬು, ಹತ್ತಿ, ನೀರು. ಲ್ಯಾಬಿನಲ್ಲಿ ಇದ್ದದ್ದೇ ಇಷ್ಟು. ಸೂಜಿಯಕ್ಕ ಅಭ್ಯಾಸಬಲದಿಂದ ಚೀಟಿ ಬರೆದು ಅಂಟಿಸಿದಳು: ಹೆಸರು, ರಾಣಿ; ಹೆಣ್ಣು; ವಯಸ್ಸು, ತಿಳಿಯದು; ಸಂಜೆ ಆರೂ ನಲವತ್ತು.

ಮನೆಗೆ ಒಯ್ಯಲು ಮಾತ್ರ ಧೈರ್ಯ ಬರಲಿಲ್ಲ. ಅವಳ ಗಂಡ ಬಡಗಿ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಮರಕ್ಕೆ ಬಾಯಿ ಹಾಕುವ ಯಾವ ಜೀವಿ ಕಂಡರೂ ಅವನಿಗೆ ಪೂರ್ವಜನ್ಮದ ಹಗೆ. ಒಮ್ಮೆ ಒಂದು ಗೆದ್ದಲ ಸಾಲು ಗೋಡೆ ಏರಿದ್ದಕ್ಕೆ ಮೂರು ದಿನ ಸೀಮೆಎಣ್ಣೆ ಬಳಿದು ಮನೆಯವರನ್ನೆಲ್ಲ ಕೆಮ್ಮಿಸಿದ್ದ. ಹಾಗಾಗಿ ರಾಣಿ ಲ್ಯಾಬಿನ ಕೆಳಗಿನ ಡ್ರಾಯರಿನಲ್ಲಿ, ಕೈಗವಸುಗಳ ಡಬ್ಬದ ಹಿಂದೆ ಕಾಪುರ ಹೂಡಿದಳು. ದಿನಕ್ಕೆ ಒಮ್ಮೆ ಮಾತ್ರ ನೋಡುತ್ತೇನೆ ಅಂತ ಸೂಜಿಯಕ್ಕ ಶಪಥ ಮಾಡಿದಳು. ಮೊದಲ ದಿನ ಹನ್ನೊಂದು ಸಲ ನೋಡಿದಳು.

ಎರಡನೆಯ ವಾರ ನಾಲ್ಕೈದು ಮೊಟ್ಟೆ ಕಂಡವು. ಬಿಳಿ ಎಳ್ಳಿನ ಕಾಳಿನ ಹಾಗೆ. ಸೂಜಿಯಕ್ಕನಿಗೆ ಯಾರಿಗಾದರೂ ಹೇಳಬೇಕು ಅಂತ ನಾಲಿಗೆ ತುರಿಸಿತು. ಹೇಳುವುದು ಯಾರಿಗೆ? ಆ ಖುಷಿಯಲ್ಲಿ, ಬೆಳಿಗ್ಗೆ ಹತ್ತರ ಗದ್ದಲದಲ್ಲಿ, ಟ್ಯೂಬನ್ನು ಒಂದು ಗಳಿಗೆ ಅಂತ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಅಳುತ್ತಿದ್ದ ಒಬ್ಬ ಪೈಲ್ವಾನನಿಗೆ ಸಮಾಧಾನ ಹೇಳಲು ಹೋದಳು. ಹಿಂದಿರುಗುವಷ್ಟರಲ್ಲಿ ದಿನಾ ರಕ್ತವನ್ನು ಪರೀಕ್ಷೆಗೆ ಒಯ್ಯುವ ದೊಡ್ಡ ಲ್ಯಾಬಿನ ಬೈಕಿನವನು ಬಂದು, ಸ್ಟ್ಯಾಂಡಿಗೆ ಸ್ಟ್ಯಾಂಡನ್ನೇ ಪೆಟ್ಟಿಗೆಗೆ ಇಳಿಸಿಕೊಂಡು, ಹೊರಟುಹೋಗಿದ್ದ.

ಸೂಜಿಯಕ್ಕ ಖಾಲಿ ಮೇಜು ನೋಡಿದಳು. ಕೈಗವಸು ಬಿಚ್ಚದೆ, ರಬ್ಬರ್ ಪಟ್ಟಿ ಕೊರಳಲ್ಲಿ ನೇತಾಡುತ್ತಿದ್ದ ಹಾಗೆಯೇ ಮೆಟ್ಟಿಲಿಳಿದು ಬಸ್ಸು ಹತ್ತಿದಳು. ಬಸ್ಸಿನಲ್ಲಿ ಅವಳನ್ನು ಕಂಡ ಇಬ್ಬರು ಮುಂದಿನ ನಿಲ್ದಾಣದಲ್ಲೇ ಇಳಿದರಂತೆ.

ದೊಡ್ಡ ಲ್ಯಾಬಿನ ಒಳಗೆ, ಟ್ಯೂಬುಗಳನ್ನು ಗಿರಗಿರ ತಿರುಗಿಸಿ ರಕ್ತ ಬೇರ್ಪಡಿಸುವ ಯಂತ್ರದ ಮುಂದೆ, ದಪ್ಪ ಕನ್ನಡಕದ ಒಬ್ಬಾತ ಕೆಂಪು ಕಾಗದ ಸುತ್ತಿದ ಟ್ಯೂಬು ಹಿಡಿದು ಚೀಟಿ ಓದುತ್ತಿದ್ದ. "ರಾಣಿ, ಹೆಣ್ಣು... ಯಾವ ಟೆಸ್ಟು ಅಂತ್ಲೇ ಬರ್ದಿಲ್ವಲ್ಲ," ಅಂದುಕೊಂಡು, ಇರಲಿ, ತಿರುಗಿಸಿಯೇ ನೋಡೋಣ ಅಂತ ಯಂತ್ರದ ಮುಚ್ಚಳ ತೆರೆದ.

ಸೂಜಿಯಕ್ಕ ಬಾಗಿಲಿಂದಲೇ ಕಿರುಚಿದಳು. "ನಿಲ್ಸಿ! ಅದರೊಳಗೆ ಬಾಣಂತಿ ಇದ್ದಾಳೆ!"

ಇಡೀ ಲ್ಯಾಬು ಕೆಲಸ ನಿಲ್ಲಿಸಿತು. ಕನ್ನಡಕದವನು ಟ್ಯೂಬನ್ನು ಬೆಳಕಿಗೆ ಹಿಡಿದ. ಒಳಗಿಂದ ರಾಣಿ ಅವನನ್ನು ನೋಡಿ ದವಡೆ ತೆರೆದಳು. ಆತ ಟ್ಯೂಬು ಬಿಟ್ಟೇಬಿಟ್ಟ. ಸೂಜಿಯಕ್ಕ, ಜೀವಮಾನದಲ್ಲಿ ಚೆಂಡು ಹಿಡಿದವಳಲ್ಲ, ಎರಡೂ ಕೈಯಲ್ಲಿ ಹಿಡಿದಳು.

ಸುದ್ದಿ ಅವಳಿಗಿಂತ ಮೊದಲು ಫೋನಿನಲ್ಲಿ ವಾಪಸು ಬಂದಿತ್ತು. ಮಹಡಿಯ ಲ್ಯಾಬಿನ ಯಜಮಾನಿ ಡಾಕ್ಟರಮ್ಮ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವಳು, ಬೈಯುವ ಸ್ವಭಾವದವಳಲ್ಲ. ಅದೇ ಕಷ್ಟವಾಗಿತ್ತು.

"ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು, ಅಲ್ವಾ?" ಅಂದಳು ಡಾಕ್ಟರಮ್ಮ.

"ಹೌದು ಮೇಡಂ." ಸೂಜಿಯಕ್ಕ ಟ್ಯೂಬನ್ನು ಸೆರಗಿನ ಮರೆಗೆ ಸರಿಸಿದಳು.

"ನಾಳೆಯಿಂದ ಅದು ಇಲ್ಲಿರಬಾರದು. ನೀವಿರ್ಬೇಕು."

ಹೀಗೆ ರಾಣಿ ಮನೆಗೆ ಬಂದಳು. ಗಂಡ ಕೀಸುಗತ್ತಿ ಕೆಳಗಿಟ್ಟು ಟ್ಯೂಬನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

"ಇದೇನೇ ಇದು?"

"ಇರುವೆ ಕಣ್ರೀ. ಬಡಗಿ ಇರುವೆ ಅಂತಾರಂತೆ ಪುಸ್ತಕದಲ್ಲಿ."

ಅವನ ಹುಬ್ಬು ಗಂಟಾಯಿತು. "ಬಡಗಿ? ನಮ್ಮ ಹೆಸರು ಇದಕ್ಕಿಟ್ಟವನು ಯಾವನು? ಬಡಗಿ ಅಂದ್ರೆ ಕಟ್ಟೋನು. ಇದು ಕೊರೆಯೋದು."

"ಮರ ತಿನ್ನಲ್ಲವಂತೆ ರೀ. ಮನೆ ಮಾಡ್ಕೊಳ್ಳೋಕೆ ಬರೀ ಕೊರೆದು ಪುಡಿ ಹೊರಗೆ ಹಾಕುತ್ತಂತೆ."

"ತಿನ್ನೋದೂ ಇಲ್ವಾ! ಹಸಿವಿಗೆ ತಿಂದ್ರೆ ಪಾಪ ಅನ್ಬಹುದು. ಇದು ಸುಮ್‌ಸುಮ್ನೆ ಕೊರೆದು ಬಿಸಾಕುತ್ತಾ?"

ಆಗ ಬಾಯಿ ಹಾಕಿದ್ದು ಅತ್ತೆ. ಅವಳಿಗೆ ಮಂಡಿ ನೋವು. ದಿನವಿಡೀ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿಯ ಲೆಕ್ಕ ಇಡುವುದು ಅವಳ ಉದ್ಯೋಗ. "ಇರ್ಲಿ ಬಿಡೋ. ಬಸುರಿ ಹೆಂಗಸನ್ನ ಮನೆಯಿಂದ ಆಚೆ ಹಾಕ್ತಾರಾ? ನನ್ನ ಕಪಾಟಲ್ಲಿರ್ಲಿ," ಅಂದಳು. ಅತ್ತೆ ಸೊಸೆ ಒಂದೇ ಮಾತಿಗೆ ನಿಂತದ್ದು ಆ ಮನೆಯಲ್ಲಿ ಅಪರೂಪ. ಬಡಗಿ ಕಕ್ಕಾಬಿಕ್ಕಿಯಾಗಿ ಕೀಸುಗತ್ತಿ ಹಿಡಿದ.

ಸೂಜಿಯಕ್ಕ ಕೆಲಸಕ್ಕೆ ಹೊರಡುವಾಗ ಅತ್ತೆಗೆ ನೂರು ಸಲ ಹೇಳಿದಳು: ನೋಡಬೇಡಿ, ಅಲ್ಲಾಡಿಸಬೇಡಿ, ಏನೂ ಹಾಕಬೇಡಿ. ಅತ್ತೆ ನೂರು ಸಲವೂ "ನಂಗ್ಯಾಕೆ ಬೇಕಮ್ಮ" ಅಂದಳು. ನಾಲ್ಕನೆಯ ದಿನ ಸಂಜೆ ಸೂಜಿಯಕ್ಕ ಕಾಗದ ಸರಿಸಿ ನೋಡಿದರೆ, ಹತ್ತಿಯ ಮೇಲೆ ಬಿಸ್ಕತ್ತಿನ ಚೂರು ಬೂಷ್ಟು ಹಿಡಿದು ಕೂತಿದೆ. ರಾಣಿ ಮೂಲೆಗೆ ಮುದುರಿದ್ದಾಳೆ. ಮೊಟ್ಟೆ ಒಂದೂ ಇಲ್ಲ.

"ಅತ್ತೇ!"

"ಒಂದೇ ಒಂದು ಚೂರು ಕಣೇ. ಬಾಣಂತಿ ಉಪವಾಸ ಇದ್ರೆ ಹೊಟ್ಟೆ ಉರಿಯಲ್ವಾ? ಕಾಣುತ್ತೋ ಇಲ್ವೋ ಅಂತ ಟಾರ್ಚ್ ಬಿಟ್ಟು ತೋರಿಸಿದೆ, ಅಷ್ಟೆ. ಎರಡು ಸಲ ಟ್ಯೂಬು ತಟ್ಟಿ ಎಬ್ಬಿಸಿದೆ, ಅಷ್ಟೆ."

ಮೇಷ್ಟ್ರಿಗೆ ಫೋನು ಹೋಯಿತು. ಗಾಬರಿಯಾದ ರಾಣಿ ಮೊಟ್ಟೆಗಳನ್ನು ತಾನೇ ತಿಂದಿರುತ್ತಾಳೆ ಅಂದರು ಅವರು. ಅತ್ತೆಗೆ ಕೇಳಿಸಲಿ ಅಂತ ಸೂಜಿಯಕ್ಕ ಅದನ್ನೇ ಜೋರಾಗಿ ಹೇಳಿದಳು.

ಅತ್ತೆ ಕುರ್ಚಿಯ ಕೈ ಬಡಿದಳು. "ತಾನು ಹೆತ್ತಿದ್ದನ್ನ ತಾನೇ ತಿಂದಳಾ? ಅವಳೊಂದು ತಾಯಿನಾ? ಥೂ! ಬಿಸ್ಕತ್ತು ಕೊಟ್ರೆ ಬೇಡ, ಮಕ್ಕಳು ಬೇಕು!"

ಎರಡು ದಿನ ಅತ್ತೆ ರಾಣಿಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಸೂಜಿಯಕ್ಕ ಹೊಸ ಟ್ಯೂಬಿಗೆ ಹತ್ತಿ ಕಟ್ಟುತ್ತಿದ್ದಾಗ, ಅತ್ತೆ ಬೀದಿಯ ಕಡೆಗೆ ಮುಖ ಮಾಡಿಕೊಂಡೇ ಕೇಳಿದಳು. "ತಪ್ಪು ನಂದೇ ಅಲ್ವೇನೇ?"

ಸೂಜಿಯಕ್ಕ ನಿಜ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಡ್ರಾಯರು ತೆಗೆದು ಹನ್ನೊಂದು ಸಲ ನೋಡಿದ್ದು ನೆನಪಾಯಿತು. "ಇಬ್ಬರದೂ ಅತ್ತೆ," ಅಂದಳು. "ನಾನೂ ನೋಡ್ದೆ ಇರಕ್ಕಾಗ್ದೆ ನೋಡ್ದೆ."

ಅಂದಿನಿಂದ ಅತ್ತೆ ಕಾವಲಿಗೆ ಕೂತಳು. ಕಪಾಟಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೊಸೆ ಬಂದರೂ "ಭಾನುವಾರ ಬಾ" ಅಂತ ಹಿಂದಕ್ಕೆ ಕಳಿಸುತ್ತಿದ್ದಳು. ಮಗ ಪಕ್ಕದ ಕೋಣೆಯಲ್ಲಿ ಮೊಳೆ ಬಡಿದರೆ "ಮೆತ್ತಗೆ ಬಡಿಯೋ, ಹೆರಿಗೆ ಮನೆ ಇದು!" ಅಂತ ಗದರುತ್ತಿದ್ದಳು. ಬಡಗಿ ಸುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದ. ರಾಣಿ ಮತ್ತೆ ಮೊಟ್ಟೆ ಇಟ್ಟಳು, ಮೊಟ್ಟೆ ಹುಳುವಾಯಿತು, ಹುಳು ಗೋಧಿ ಕಾಳಿನ ಬಣ್ಣದ ಗೂಡು ಸುತ್ತಿಕೊಂಡಿತು. ಸುಮಾರು ಏಳು ವಾರದ ಮೇಲೆ, ಒಂದು ಭಾನುವಾರ, ಕಾಗದ ಸರಿಸಿದರೆ ರಾಣಿಯ ಪಕ್ಕದಲ್ಲಿ ಇನ್ನೊಂದು ಜೀವ ಮೀಸೆ ಆಡಿಸುತ್ತಾ ನಿಂತಿತ್ತು. ನಸುಗಂದು ಮೈ, ಅಮ್ಮನ ಕಾಲುಭಾಗವೂ ಇಲ್ಲ.

"ಇಷ್ಟು ಪುಟ್ಟದಾ!" ಅಂದಳು ಸೂಜಿಯಕ್ಕ, ಕಣ್ಣೊರೆಸಿಕೊಳ್ಳುತ್ತಾ.

"ಚೊಚ್ಚಲು ಸಣ್ಣದೇ ಹುಟ್ಟೋದು," ಅಂದಳು ಅತ್ತೆ, ಅನುಭವಸ್ಥಳ ಹಾಗೆ. "ನಿನ್ನ ಗಂಡ ಹುಟ್ಟಿದಾಗ ಹೀಗೇ ಇದ್ದ. ತಲೆ ಒಂದು ಮಾತ್ರ ದೊಡ್ಡದು."

ಬಾಗಿಲಲ್ಲಿ ನಿಂತು ಕದ್ದು ನೋಡುತ್ತಿದ್ದ ಬಡಗಿ ಸರಕ್ಕನೆ ಒಳಗೆ ಹೋದ.

ವರ್ಷ ತುಂಬುವ ಹೊತ್ತಿಗೆ ಸಂಸಾರ ಅರವತ್ತು ದಾಟಿತು. ಊಟಕ್ಕೆ ಜೇನಿನ ಒಂದು ಹನಿ, ವಾರಕ್ಕೆ ಎರಡು ಸತ್ತ ನೊಣ. ನೊಣ ಹೊಡೆಯುವುದು ಅತ್ತೆಯ ಪಾಲು. ಟ್ಯೂಬು ಬಸ್ಸಿನ ಹಾಗೆ ತುಂಬಿ ತುಳುಕುತ್ತಿತ್ತು. ಅಗಲವಾದ ಮನೆ ಬೇಕು, ಜಿಪ್ಸಮ್ ಪುಡಿಯಲ್ಲಿ ಎರಕ ಹೊಯ್ದು ಮುಂದೆ ಗಾಜು ಹಾಕಿ ಅಂದರು ಮೇಷ್ಟ್ರು. ಸೂಜಿಯಕ್ಕ ಪುಡಿ ಕಲೆಸಲು ಕೂತಳು. ಕೂತಲ್ಲಿ, ನಿಂತಲ್ಲಿ, ಸೆರಗಿನಲ್ಲಿ, ಅತ್ತೆಯ ಕನ್ನಡಕದಲ್ಲಿ ಎಲ್ಲೆಲ್ಲೂ ಬಿಳಿ. ಎರಕ ಮಾತ್ರ ಒಡೆದ ಹೆಂಚಿನ ಹಾಗೆ ಆಯಿತು. ಹೆಂಡತಿ ಒಂದು ಕೆಲಸವನ್ನು ಇಷ್ಟು ಕೆಟ್ಟದಾಗಿ ಮಾಡುವುದನ್ನು ನೋಡಿ ಸುಮ್ಮನಿರುವುದು ಬಡಗಿಯಿಂದ ಆಗಲಿಲ್ಲ.

"ಏಳು ಅತ್ಲಾಗೆ," ಅಂದ. "ನಾನು ಮಾಡ್ತೀನಿ. ಅಪ್ಪಟ ತೇಗದಲ್ಲಿ."

"ಮರ ಬೇಡ ಅಂದಿದ್ದಾರೆ ಮೇಷ್ಟ್ರು."

"ಮೇಷ್ಟ್ರು ಪಾಠ ಮಾಡ್ಲಿ. ನನ್ನ ತೇಗಕ್ಕೆ ಹಲ್ಲು ಹಾಕೋ ಇರುವೆ ಇನ್ನೂ ಹುಟ್ಟಿಲ್ಲ."

ನಾಲ್ಕು ದಿನ ಗಿರಾಕಿಗಳ ಕೆಲಸ ಬದಿಗಿಟ್ಟು ಅವನು ಮಾಡಿದ ಮನೆ ನೋಡಿ ಬೀದಿಯೇ ಬೆರಗಾಯಿತು. ಒಂದು ಮೊಳೆ ಇಲ್ಲದೆ ಕಚ್ಚು ಕೂಡಿಸಿದ ಪೆಟ್ಟಿಗೆ, ಜಾರುವ ಗಾಜು, ಒಳಗೆ ಐದು ಕೋಣೆ, ಕೋಣೆಯಿಂದ ಕೋಣೆಗೆ ಕಮಾನು, ಮೇಲೆ ಮಿರಿಮಿರಿ ಮಿಂಚುವ ಪಾಲಿಶು. "ನಮ್ಮನೇಲಿ ನಂಗೆ ಒಂದು ಕಪಾಟು ಮಾಡಿಕೊಡು ಅಂತ ಎಂಟು ವರ್ಷದಿಂದ ಕೇಳ್ತಿದೀನಿ," ಅಂದಳು ಸೂಜಿಯಕ್ಕ. ಅವನಿಗೆ ಕೇಳಿಸಲಿಲ್ಲ, ಗಾಜಿಗೆ ಮೂಗೊತ್ತಿ, ರಾಣಿ ಯಾವ ಕೋಣೆ ಆರಿಸುತ್ತಾಳೆ ಅಂತ ನೋಡುತ್ತಿದ್ದ. ನೀರಿನ ಹತ್ತಿ ಇಟ್ಟಿದ್ದ ಮೂಲೆಯ ಕೋಣೆಯನ್ನು ಅವಳು ಆರಿಸಿದಳು. ತಾನು ಚೆನ್ನಾಗಿ ಕೆತ್ತಿದ್ದು ಅದಲ್ಲ ಅಂತ ಅವನಿಗೆ ಅಸಮಾಧಾನ.

ತಿಂಗಳು ಕಳೆದಿರಬೇಕು. ಪೆಟ್ಟಿಗೆಯ ಕೆಳಗೆ ಒಂದು ಚಿಟಿಕೆ ನುಣ್ಣನೆಯ ಪುಡಿ ಬಿದ್ದಿದೆ ಅಂತ ಅತ್ತೆ ವರದಿ ಕೊಟ್ಟಳು. "ನನ್ನ ಉಳಿಯಿಂದ ಹಾರಿದ್ದು," ಅಂದ ಬಡಗಿ. ಮರುದಿನ ಎರಡು ಚಿಟಿಕೆ. "ಗಾಳಿಗೆ ಬಂದಿದ್ದು." ಸೂಜಿಯಕ್ಕ ಆಯಾ ದಿನದ ಪುಡಿಯನ್ನು ಒಂದೊಂದು ಟ್ಯೂಬಿಗೆ ತುಂಬಿ, ದಿನಾಂಕ ಬರೆದು, ಸಾಲಾಗಿ ಇಡುತ್ತಾ ಹೋದಳು. ಐದನೆಯ ಟ್ಯೂಬಿನ ದಿನ, ಭಾನುವಾರ ಬೆಳಿಗ್ಗೆ, ಐದು ಕೋಣೆಯ ಅರಮನೆ ಖಾಲಿಯಾಗಿತ್ತು. ಒದ್ದೆ ಮೂಲೆಯಲ್ಲಿ ಒಂದು ದುಂಡನೆಯ ತೂತು, ಅಚ್ಚುಕಟ್ಟಾದ ಅಂಚು.

ಬಡಗಿ ತೂತಿಗೆ ಬೆರಳಿಟ್ಟು ನೋಡಿದ. ಮರ ಹಿಟ್ಟಿನ ಹಾಗೆ ಉದುರಿತು.

"ಇದು ತೇಗವಾ ರೀ?" ಅಂದಳು ಸೂಜಿಯಕ್ಕ. ರಕ್ತದ ವರದಿ ಕೊಡುವಾಗಿನ ಅದೇ ಸಮಾಧಾನದ ದನಿ.

"ಮೇಲಿನದು ತೇಗಾನೇ," ಅಂದ ಅವನು. ಬೆರಳಿನ ಪುಡಿ ಒರೆಸಿಕೊಂಡು, "ತಳಕ್ಕೆ ಒಂದು ಪ್ಯಾಕಿಂಗ್ ಪೆಟ್ಟಿಗೆ ಹಲಗೆ ಹಾಕ್ದೆ. ಇರುವೆಗೆ ತಾನೆ, ಅವಕ್ಕೇನು ಗೊತ್ತಾಗುತ್ತೆ ಅಂದ್ಕೊಂಡೆ."

"ಗೊತ್ತಾಯ್ತಲ್ಲ," ಅಂದಳು ಅತ್ತೆ.

ಹುಡುಕಾಟ ಶುರುವಾಯಿತು. ಅತ್ತೆಯ ಕುರ್ಚಿ ಬುಡಮೇಲಾಯಿತು. ಸಕ್ಕರೆ ಡಬ್ಬ, ಹಳೆಯ ಟ್ರಂಕು, ಚಪ್ಪಲಿ ಗೂಡು ಎಲ್ಲ ಬರಿದು. ಅರವತ್ತು ಮಕ್ಕಳ ತಾಯಿ ಮನೆಯೊಳಗೆ ಎಲ್ಲಿ ಅಡಗಬಹುದು? ಸೂಜಿಯಕ್ಕ ನೆಲದ ಮೇಲೆ ಮೊಣಕಾಲೂರಿ ಗೋಡೆಯ ಅಂಚಿಗೆ ಟಾರ್ಚ್ ಬಿಡುತ್ತಿದ್ದಾಗಲೇ ಬಾಗಿಲಲ್ಲಿ "ಬರಬಹುದಾ?" ಅಂತ ದನಿ ಕೇಳಿತು. ಡಾಕ್ಟರಮ್ಮ. ಲ್ಯಾಬಿಗೆ ಮೂರನೆಯ ಕೋಣೆ ಸೇರಿಸುತ್ತಿದ್ದಳು. ಬಾಗಿಲು ಮಾಡಿಸಲು ಬಂದಿದ್ದಳು.

ಬಡಗಿ ಮುಖದ ಬೆವರು ಒರೆಸಿಕೊಂಡು, ಏನೂ ಆಗದವನ ಹಾಗೆ ಅವಳನ್ನು ಕಾರ್ಖಾನೆಗೆ ಕರೆದ. ಅಲ್ಲಿ ಗೋಡೆಗೊರಗಿ ಅವನ ಮಾದರಿ ಬಾಗಿಲು ನಿಂತಿತ್ತು. ಹದಿನೈದು ವರ್ಷದಿಂದ ಗಿರಾಕಿಗಳಿಗೆ ತೋರಿಸುವ ಬಾಗಿಲು, ಅವನ ಜೀವ. ಅದರ ಮುಂದೆ ನಿಂತು ಹೇಳಬೇಕಾದದ್ದು ಅವನಿಗೆ ಬಾಯಿಪಾಠ. "ನೋಡಿ ಡಾಕ್ಟ್ರೇ, ಕಣ್ಣಿಂದ ಮರ ನೋಡ್ಬಾರ್ದು, ಕಿವಿಯಿಂದ ನೋಡ್ಬೇಕು. ಗಟ್ಟಿ ಮರದ ದನಿ ಗಂಟೆ ಹೊಡೆದ ಹಾಗಿರುತ್ತೆ. ಕೇಳಿ." ಗಾಬರಿಯಲ್ಲಿ ಎಂದಿನ ಮೇಲ್ಪಟ್ಟಿ ಬಿಟ್ಟು ಬಾಗಿಲಿನ ಕೆಳಪಟ್ಟಿಯನ್ನು ಗೆಣ್ಣಿನಿಂದ ಟಕ್ ಟಕ್ ಬಡಿದ.

ಬಾಗಿಲು ತಿರುಗಿ ಉತ್ತರ ಕೊಟ್ಟಿತು. ಸರಸರ, ಚಿಟಪಟ, ಒಣ ಎಲೆಯ ಮೇಲೆ ಹನಿ ಬಿದ್ದ ಹಾಗೆ.

ಬಡಗಿ ಕೈ ಹಿಂದೆಗೆದ. ಡಾಕ್ಟರಮ್ಮ ಹತ್ತಿರ ಬಗ್ಗಿದಳು. ರಕ್ತದ ಡಾಕ್ಟರಾದರೂ ಅವಳ ಕೈಚೀಲದಲ್ಲಿ ಸ್ಟೆತಸ್ಕೋಪು ಯಾವಾಗಲೂ ಇರುತ್ತಿತ್ತು. ಅದನ್ನು ತೆಗೆದು ಕಿವಿಗಿಟ್ಟು, ಕೆಳಪಟ್ಟಿಯ ಮೇಲೆ ಅಲ್ಲಿ ಇಲ್ಲಿ ಒತ್ತಿ ಕೇಳಿದಳು. "ಇನ್ನೊಂದು ಸಲ ಬಡೀರಿ," ಅಂದಳು. ಅವನು ಬಡಿದ. "ಹ್ಞೂಂ. ಒಳಗೆ ಜನ ಇದ್ದಾರೆ."

ಸೂಜಿಯಕ್ಕ ಓಡಿಬಂದಳು. ಅಷ್ಟರಲ್ಲಿ ಪಟ್ಟಿಯ ಬಿರುಕಿನಿಂದ ಒಂದು ಗೊದ್ದ ತಲೆ ಹೊರಗೆ ಹಾಕಿ, ಯಾರು ಬಾಗಿಲು ಬಡಿದದ್ದು ಅಂತ ನೋಡುವ ಹಾಗೆ ಮೀಸೆ ಆಡಿಸಿತು. "ನಮ್ಮವೇ!" ಅಂತ ಸೂಜಿಯಕ್ಕ ಕೂಗಿದಳು. ಗಂಡನ ಮುಖ ನೋಡಿದ ಮೇಲೆ ಕೂಗಬಾರದಿತ್ತು ಅನ್ನಿಸಿತು. ಅವನು ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

ಕೊನೆಗೆ ಅವನೇ ಬಾಯಿಬಿಟ್ಟ. "ಕೆಳಪಟ್ಟಿ ಪೊಳ್ಳು ಮರ ಡಾಕ್ಟ್ರೇ. ಬಣ್ಣ ಹಾಕಿದ್ದೀನಿ. ಒಳ್ಳೇ ಮರ ಬಂದಾಗೆಲ್ಲ ಗಿರಾಕಿ ಬಾಗಿಲಿಗೇ ಹೋಗ್ತಿತ್ತು. ನನ್ನ ಬಾಗಿಲಿಗೆ ಹಾಕೋಣ ಹಾಕೋಣ ಅಂತ ಹದಿನೈದು ವರ್ಷ ಆಯ್ತು. ಇದು ಮಾದರಿ ತಾನೆ, ಯಾರು ಬಿಚ್ಚಿ ನೋಡ್ತಾರೆ ಅಂತ..."

ಡಾಕ್ಟರಮ್ಮ ಸ್ಟೆತಸ್ಕೋಪು ಮಡಚಿದಳು. "ನಾನು ಕಂಡ ಹಾಗೆ ಎಲ್ಲರೂ ಮಾದರಿ ಚೆನ್ನಾಗಿ ಮಾಡಿ, ಗಿರಾಕಿಗೆ ಕಳಪೆ ಕೊಡ್ತಾರೆ. ನೀವು ತಿರುಗಾಮುರುಗಾ," ಅಂದಳು. "ನಮ್ಮ ಬಾಗಿಲು ನೀವೇ ಮಾಡಿ. ಮರ ತಂದ ಮೇಲೆ ಒಂದು ವಾರ ಇವುಗಳ ಮುಂದೆ ಇಟ್ಟಿರಿ, ಅಷ್ಟೆ. ಇವು ಒಪ್ಪದೆ ಇದ್ರೆ ನಾನು ಒಪ್ತೀನಿ."

ಅವಳು ಹೋದ ಮೇಲೆ ಬಡಗಿ ಸೀಮೆಎಣ್ಣೆ ಡಬ್ಬದ ಕಡೆ ಒಮ್ಮೆ ನೋಡಿದ್ದನ್ನು ಸೂಜಿಯಕ್ಕ ಕಂಡಳು. ಅವನು ಡಬ್ಬ ಮುಟ್ಟದೆ ಹೋಗಿ ಜಿಪ್ಸಮ್ ಪುಡಿಯ ಚೀಲ ತಂದ. "ನೀರು ಎಷ್ಟು ಹಾಕ್ಬೇಕು ಅಂದ್ರು ಮೇಷ್ಟ್ರು?" ಅಂದ.

ಮೇಷ್ಟ್ರು ಹೇಳಿದ ಉಪಾಯ ಹೀಗಿತ್ತು: ಹೊಸ ಮನೆ ಒದ್ದೆಯಾಗಿ, ಕತ್ತಲಾಗಿ ಪಕ್ಕದಲ್ಲಿರಲಿ, ಹಳೆಯ ಮನೆಗೆ ದೀಪದ ಬೆಳಕು ಬೀಳಲಿ. ಬಲವಂತ ಬೇಡ, ಅವೇ ಬರುತ್ತವೆ. ಮುಂದಿನ ಭಾನುವಾರದ ಹೊತ್ತಿಗೆ ಎರಕ ಒಣಗಿತ್ತು. ಮಧ್ಯಾಹ್ನ ಬಾಗಿಲನ್ನು ನೆಲಕ್ಕೆ ಮಲಗಿಸಿ, ಬಿರುಕಿಗೆ ದೀಪ ಹಿಡಿದು, ಮೂವರೂ ಅದರ ಮುಂದೆ ಕೂತರು. ಅತ್ತೆಯ ಕುರ್ಚಿಯನ್ನೂ ಎತ್ತಿ ತಂದಿದ್ದರು. ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ಒಂದು ಗೊದ್ದ ಬಂದು, ಹೊಸ ಮನೆ ಒಳಹೊಕ್ಕು ನೋಡಿ, ಹಿಂದಿರುಗಿ ಹೋಗಿ ಇನ್ನೊಂದನ್ನು ಕರೆತಂದಿತು. ಆಮೇಲೆ ಸಾಲು ಹತ್ತಿತು. ಒಂದೊಂದರ ಬಾಯಲ್ಲೂ ಒಂದೊಂದು ಗೂಡು, ಮನೆ ಬದಲಾಯಿಸುವಾಗ ತಲೆಗೊಂದು ಗಂಟು ಹೊತ್ತವರ ಹಾಗೆ. ಅತ್ತೆ ಬೆರಳು ಮಡಚುತ್ತಾ ಎಣಿಸಿದಳು. "ಐವತ್ತೆಂಟು... ಅರವತ್ತೊಂದು... ಅವಳೆಲ್ಲಿ?"

ರಾಣಿ ಎಲ್ಲರಿಗಿಂತ ಕೊನೆಗೆ ಬಂದಳು. ಬಿರುಕಿನ ಬಾಯಿಗೆ ಬಂದವಳು ದೀಪದ ಬೆಳಕಿಗೆ ಬೆದರಿ ಹಿಂದೆ ಸರಿದಳು, ಮತ್ತೆ ಬಂದಳು, ಬಾಗಿಲಿನ ಅಂಚಿಗೂ ಹೊಸ ಮನೆಗೂ ನಡುವಿನ ಸಂದಿನಲ್ಲಿ ಕಾಲಿಡಲಾರದೆ ನಿಂತಳು. ಸೂಜಿಯಕ್ಕನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡಳು. ಆಗ ಬಡಗಿ ಜೇಬಿನಿಂದ ಅಳತೆಪಟ್ಟಿ ತೆಗೆದು, ಉಸಿರು ಬಿಗಿಹಿಡಿದು, ಮೆಲ್ಲಗೆ ಸಂದಿನ ಮೇಲೆ ಅಡ್ಡ ಇಟ್ಟ. ರಾಣಿ ಮೀಸೆಯಿಂದ ತಡವಿ ನೋಡಿದಳು. ಸೊನ್ನೆಯ ಗೆರೆಯಿಂದ ಹತ್ತಿ, ಮೂರೂವರೆ ಅಂಗುಲದ ಹತ್ತಿರ ಇಳಿದು, ಕತ್ತಲೊಳಗೆ ಹೋದಳು.

"ಪಟ್ಟಿ ಈಗ್ಲೇ ತೆಗೀಬೇಡಿ," ಅಂದಳು ಸೂಜಿಯಕ್ಕ ಪಿಸುದನಿಯಲ್ಲಿ.

"ನಾನೆಲ್ಲಿ ತೆಗೆದೆ?" ಅಂದ ಅವನೂ ಪಿಸುದನಿಯಲ್ಲೇ. ಗಂಡ ಹೆಂಡತಿ ಹಾಗೆ ಪಿಸುಗುಟ್ಟಿ ಎಷ್ಟು ಕಾಲವಾಗಿತ್ತೋ. ಅತ್ತೆ ಬೇಕೆಂದೇ ಕೆಮ್ಮಿ, "ಯಾರಾದ್ರೂ ಟೀ ಮಾಡ್ತೀರಾ, ಇಲ್ಲಾ ನಾನೂ ಮರ ಕೊರೀಲಾ?" ಅಂದಳು.

ಡಾಕ್ಟರಮ್ಮನ ಬಾಗಿಲಿನ ಮರ ಒಂದು ವಾರ ಇರುವೆಗಳ ಮುಂದೆ ಇತ್ತು. ಅವು ಅದನ್ನು ಮೂಸಿಯೂ ನೋಡಲಿಲ್ಲ. ಬಡಗಿ ಅದನ್ನು ಹೋಗಿ ಬರುವವರಿಗೆಲ್ಲ ಹೇಳಿದ. ಲ್ಯಾಬಿನಲ್ಲಿ ಸೂಜಿಯಕ್ಕನ ಕೆಲಸವೂ ಹಗುರವಾಯಿತು. ರಬ್ಬರ್ ಪಟ್ಟಿ ಬಿಗಿಯುವಾಗಲೇ ಜನ "ನಿಮ್ಮ ರಾಣಿ ಹೇಗಿದ್ದಾಳಕ್ಕ?" ಅಂತ ಕೇಳುತ್ತಿದ್ದರು, ಅವಳು ಹೇಳಿ ಮುಗಿಸುವುದರೊಳಗೆ ಟ್ಯೂಬು ತುಂಬಿರುತ್ತಿತ್ತು. ಸಕ್ಕರೆ ಮೇಷ್ಟ್ರು ಮಾತ್ರ ಈಗಲೂ ಕಣ್ಣು ಮುಚ್ಚುತ್ತಾರೆ.

ಮಾದರಿ ಬಾಗಿಲಿನ ಕೊರೆದ ಕೆಳಪಟ್ಟಿಯನ್ನು ಬಡಗಿ ಗರಗಸದಲ್ಲಿ ಕೊಯ್ದು ತೆಗೆದ. ಉಳಿದದ್ದು ಗಿಡ್ಡವಾಯಿತು, ಯಾರ ಮನೆಗೂ ಆಗದು. ಬಿಸಾಡಲು ಮನಸ್ಸಾಗದೆ ಅಮ್ಮನ ಕೋಣೆಗೆ ಅದನ್ನೇ ಕೂರಿಸಿದ. ನೆಲದಿಂದ ಒಂಬತ್ತು ಅಂಗುಲ ಸಂದು. ಅತ್ತೆಗೆ ಇದು ಪರಮ ಸುಖ. ಕುರ್ಚಿಯಿಂದ ಏಳದೆಯೇ, ಹೊರಗೆ ಯಾರು ಹೋದರು, ಯಾರು ಬಂದರು, ಯಾರು ಎಷ್ಟು ಹೊತ್ತು ನಿಂತರು ಎಲ್ಲವೂ ಕಾಲಿನಿಂದಲೇ ತಿಳಿಯುತ್ತಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ, ಕೆಲಸಕ್ಕೆ ಹೊರಟ ಸೊಸೆಯ ಪಾದಗಳು ಬಾಗಿಲಾಚೆ ಇಟ್ಟ ಇರುವೆ ಮನೆಯ ಮುಂದೆ ನಿಂತುಬಿಡುವುದೂ ಕಾಣುತ್ತಿತ್ತು.

"ಏನೇ, ಹೊತ್ತಾಯ್ತು! ಲ್ಯಾಬಲ್ಲಿ ಜನ ಕಾಯ್ತಿರ್ತಾರೆ," ಅಂತ ಅತ್ತೆ ಒಳಗಿಂದ ಕೂಗುವಳು.

"ಹೊರಟೆ ಅತ್ತೆ, ಹೊರಟೇಬಿಟ್ಟೆ," ಅನ್ನುವಳು ಸೂಜಿಯಕ್ಕ. ಪಾದಗಳು ಮಾತ್ರ ಅಲ್ಲೇ ಇರುತ್ತಿದ್ದವು.